ಸೊನ್ನೆಯನ್ನೂ ಬರೆಯಬೇಕು

ವರ್ಗಾವಣೆ ಆದೇಶವೆಂಬುದು ಒಂದೇ ಹಾಳೆಯ ಕಾಗದ. ಅದರಲ್ಲಿ ನೌಕರನ ಹೆಸರಿರುತ್ತದೆ, ಹುದ್ದೆ ಇರುತ್ತದೆ, ಇಂಥ ದಿನದೊಳಗೆ ಹಾಜರಾಗತಕ್ಕದ್ದು ಎಂಬ ಸೂಚನೆ ಇರುತ್ತದೆ. ಆತನ ಹೆಂಡತಿ ಅಂಗಳದಲ್ಲಿ ನೆಟ್ಟ ಡೇರೆ ಗೆಡ್ಡೆಯ ವಿಷಯವಾಗಲೀ ಮಗಳ ಗೆಳತಿಯರ ವಿಷಯವಾಗಲೀ ಅದರಲ್ಲಿ ಇರುವುದಿಲ್ಲ. 2023ರ ಜೂನ್ ತಿಂಗಳಲ್ಲಿ ಆಗುಂಬೆ ಕಡೆಯ ಪಶು ಆಸ್ಪತ್ರೆಯೊಂದರ ನೌಕರರಿಗೆ ಇಂಥದೊಂದು ಕಾಗದ ಬಂತು. ಹೋಗಬೇಕಾದ ಊರು ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ತಾಲ್ಲೂಕಿನದು. ಮನೆಯಲ್ಲಿ ಒಂಬತ್ತನೇ ತರಗತಿಗೆ ಕಾಲಿಟ್ಟ ಮಗಳು. ಅವಳನ್ನು ಅಜ್ಜಯ್ಯನ ಬಳಿಯೇ ಬಿಟ್ಟುಹೋಗುವುದೋ, ಜೊತೆಗೆ ಕರೆದೊಯ್ಯುವುದೋ ಎಂದು ಗಂಡ ಹೆಂಡತಿ ಮೂರು ರಾತ್ರಿ ಯೋಚಿಸಿದರು. ಕೊನೆಗೆ ಎಲ್ಲರೂ ಹೊರಟರು. ಹುಡುಗಿ ಮಾತ್ರ ಹೊರಡುವ ದಿನದಿಂದಲೇ ಮಾತು ಬಿಟ್ಟಳು.

ಆಗುಂಬೆಯವರಿಗೆ ಮಳೆ ಎಂಬುದು ಸುದ್ದಿಯಲ್ಲ, ಸಂಸಾರ. ಮೇ ತಿಂಗಳು ಮುಗಿಯುವುದರೊಳಗೆ ಸೌದೆ ಕೊಟ್ಟಿಗೆಗೆ ಸೇರಬೇಕು, ಹಪ್ಪಳ ಡಬ್ಬಿಗೆ ಸೇರಬೇಕು. ಓರೆಯಾಗಿ ಬಡಿಯುವ ಮಳೆಗೆ ಗೋಡೆ ನೆನೆಯದಂತೆ ಅಡಿಕೆ ಸೋಗೆಯ ತಟ್ಟಿ ಕಟ್ಟಬೇಕು. ಆಮೇಲೆ ಶುರುವಾದ ಜಡಿಮಳೆ ಆರಿದ್ರಾ, ಪುನರ್ವಸು, ಪುಷ್ಯ, ಆಶ್ಲೇಷಾ ಎಂದು ನಕ್ಷತ್ರದಿಂದ ನಕ್ಷತ್ರಕ್ಕೆ ದಾಟುತ್ತ ಹೋಗುತ್ತದೆ. ಒಗೆದ ಬಟ್ಟೆ ಬಚ್ಚಲೊಲೆಯ ಮೇಲೆ ಹೊಗೆ ಕುಡಿದು ಒಣಗುತ್ತದೆ. ಚಪ್ಪಲಿಗೆ ಬೂಸಲು, ಪುಸ್ತಕಕ್ಕೆ ಬೂಸಲು. ಶಾಲೆಯಿಂದ ಬಂದ ಮಕ್ಕಳು ಮೊದಲು ನೋಡಿಕೊಳ್ಳುವುದು ಕಾಲಿಗೆ ಇಂಬಳ ಹತ್ತಿದೆಯೇ ಎಂದು. ಜುಲೈ ತಿಂಗಳಲ್ಲಿ ಮಳೆ ರಜೆ ಸಿಕ್ಕರೆ ಕೆಸುವಿನ ಎಲೆಯ ಪತ್ರೊಡೆ, ಕಳಲೆ ಪಲ್ಯ. ಇಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರ್‌ಗೂ ಹೆಚ್ಚು ಮಳೆ ಬೀಳುತ್ತದೆ. 1946ರ ಆಗಸ್ಟ್ ಒಂದೇ ತಿಂಗಳಲ್ಲಿ 4508 ಮಿಲಿಮೀಟರ್ ಬಿದ್ದ ದಾಖಲೆಯೂ ಉಂಟು.

ಈ ಮಳೆಯನ್ನು ಹುಡುಗಿ ಏಳನೇ ತರಗತಿಯಿಂದ ಅಳೆಯುತ್ತಿದ್ದಳು. ಸಾಧನವೇನೂ ದೊಡ್ಡದಲ್ಲ. ತಂಪು ಪಾನೀಯದ ಎರಡು ಲೀಟರಿನ ಪ್ಲಾಸ್ಟಿಕ್ ಬಾಟಲಿ. ಕುತ್ತಿಗೆಯ ಕೆಳಗೆ ಕತ್ತರಿಸಿ, ಆ ಮೇಲ್ಭಾಗವನ್ನೇ ತಲೆಕೆಳಗಾಗಿ ಇಟ್ಟರೆ ಆಲಿಕೆಯಾಯಿತು. ಬಾಟಲಿಯ ತಳ ಉಬ್ಬುತಗ್ಗು ಇರುವುದರಿಂದ ಅಲ್ಲಿ ಬೆಣಚುಕಲ್ಲು ತುಂಬಿ, ಅದು ಮುಳುಗುವಷ್ಟು ನೀರು ಹಾಕಿ, ಆ ಮಟ್ಟಕ್ಕೆ ಸೊನ್ನೆ ಎಂದು ಗುರುತು ಮಾಡಬೇಕು. ಅಲ್ಲಿಂದ ಮೇಲಕ್ಕೆ ಅಳತೆಪಟ್ಟಿಯ ಮಿಲಿಮೀಟರ್ ಗೆರೆಗಳು. ಮರದಿಂದ, ಗೋಡೆಯಿಂದ ದೂರ ಇಟ್ಟು, ಹವಾಮಾನ ಇಲಾಖೆಯವರಂತೆ ದಿನಾ ಬೆಳಿಗ್ಗೆ ಎಂಟೂವರೆಗೆ ನೋಡಿ ಬರೆದಿಟ್ಟರೆ ಮುಗಿಯಿತು. ಆಗುಂಬೆಯಲ್ಲಿ ಇದಕ್ಕಿದ್ದ ತೊಂದರೆ ಒಂದೇ. ಜುಲೈ ತಿಂಗಳಲ್ಲಿ ದಿನಕ್ಕೆ ಒಮ್ಮೆ ನೋಡಿದರೆ ಸಾಲದು, ರಾತ್ರಿ ಮಲಗುವ ಮುಂಚೆಯೂ ಖಾಲಿ ಮಾಡಬೇಕು. ಇಲ್ಲದಿದ್ದರೆ ಬಾಟಲಿ ತುಂಬಿ ಹರಿದು ಲೆಕ್ಕವೇ ಕೊಚ್ಚಿಹೋಗುತ್ತಿತ್ತು.

ಸಾಮಾನಿನ ಲಾರಿ ಮುಂದೆ ಹೋಯಿತು. ಕುಟುಂಬ ಬಸ್ಸು ಹಿಡಿಯಿತು. ಆಗುಂಬೆಯಿಂದ ಚಳ್ಳಕೆರೆಗೆ ಸುಮಾರು 230 ಕಿಲೋಮೀಟರ್. ಬೆಳಿಗ್ಗೆ ಹೊರಟರೆ ಸಂಜೆಯೊಳಗೆ ತಲುಪುವ ದಾರಿ. ಆದರೆ ಈ ಒಂದು ಹಗಲಿನ ಪ್ರಯಾಣ ಎಷ್ಟು ದೂರ ಕರೆದೊಯ್ಯುತ್ತದೆ ಎಂಬುದನ್ನು ಕಿಲೋಮೀಟರ್ ಕಲ್ಲು ಹೇಳುವುದಿಲ್ಲ, ಕಿಟಕಿ ಹೇಳುತ್ತದೆ. ತೀರ್ಥಹಳ್ಳಿಯವರೆಗೆ ಅಡಿಕೆ ತೋಟ, ಪಾಚಿ ಹಿಡಿದ ಹಂಚಿನ ಮಾಡು. ಅಲ್ಲಿಗೆ ಮಳೆ 3000 ಮಿಲಿಮೀಟರ್ ಆಸುಪಾಸಿಗೆ ಇಳಿದಿರುತ್ತದೆ. ಮಂಡಗದ್ದೆ, ಸಕ್ರೆಬೈಲು, ಗಾಜನೂರು ಕಳೆದು ಶಿವಮೊಗ್ಗ ಬರುವಾಗ ಅದು ಸಾವಿರದ ಒಳಗೆ. ಚನ್ನಗಿರಿ, ಹೊಳಲ್ಕೆರೆ ದಾಟಿದ ಮೇಲೆ ಮರಗಳು ಗಿಡ್ಡವಾಗುತ್ತವೆ, ಎಲೆಗಳು ಸಣ್ಣವಾಗುತ್ತವೆ, ಆಕಾಶ ದೊಡ್ಡದಾಗುತ್ತದೆ. ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳು ತಿರುಗುತ್ತಿರುತ್ತವೆ. ಚಳ್ಳಕೆರೆ ಬರುವ ಹೊತ್ತಿಗೆ ವರ್ಷದ ಮಳೆ 500 ಮಿಲಿಮೀಟರ್ ಅಷ್ಟೇ. ಮನೆಗಳ ಮಾಡೂ ಬದಲಾಗುತ್ತದೆ. ಘಟ್ಟದಲ್ಲಿ ಕಡಿದಾಗಿ ಇಳಿಯುತ್ತಿದ್ದ ಹಂಚು ಇಲ್ಲಿ ಚಪ್ಪಟೆಯಾದ ಮಾಳಿಗೆ. ಅದರ ಮೇಲೆ ಹುಣಸೆಹಣ್ಣು, ಮೆಣಸಿನಕಾಯಿ, ಶೇಂಗಾ ಒಣಗುತ್ತಿರುತ್ತವೆ. ಒಂದು ಊರಿನ ಮಳೆಯನ್ನು ತಿಳಿಯಲು ಪುಸ್ತಕ ಬೇಡ, ಮನೆಯ ಮಾಡು ನೋಡಿದರೆ ಸಾಕು.

ಹುಡುಗಿಗೆ ಇದಾವುದೂ ಕಾಣಲಿಲ್ಲ. ಅವಳಿಗೆ ಕಂಡದ್ದು ಇಲ್ಲದಿರುವುದು ಮಾತ್ರ. ಕಾಡಿಲ್ಲ, ಹೊಳೆಯಿಲ್ಲ, ಜೀರುಂಡೆಯಿಲ್ಲ. ಹಗಲೂ ರಾತ್ರಿ ಗಾಳಿ. ತಮಾಷೆಯೆಂದರೆ ತಲೆಯ ಮೇಲೆ ಮೋಡಗಳಿಗೇನೂ ಬರವಿರಲಿಲ್ಲ. ಪಶ್ಚಿಮದಿಂದ ಪೂರ್ವಕ್ಕೆ ಹಿಂಡು ಹಿಂಡಾಗಿ, ಯಾರೋ ಅಟ್ಟಿಸಿಕೊಂಡು ಬಂದಂತೆ ಓಡುತ್ತಿದ್ದವು. ಒಂದೂ ನಿಲ್ಲುತ್ತಿರಲಿಲ್ಲ. "ಇಲ್ಲಿ ಎಂತ ಇದೆ ಅಪ್ಪಯ್ಯ? ಚಂದ್ರನ ಮೇಲೆ ಬಂದು ಇಳಿದ ಹಾಗಾಗಿದೆ" ಎಂದಳು. ಊರಿಗೆ ಬಂದ ಮೇಲೆ ಅವಳಾಡಿದ ಮೊದಲ ಮಾತು ಅದು.

ಬಾಟಲಿ ಸಾಮಾನಿನೊಂದಿಗೆ ಬಂದಿತ್ತು. ತಂದೆಯೇ ಅದನ್ನು ಮಾಳಿಗೆಯ ಮೇಲೆ ಇಟ್ಟು, ಗಾಳಿಗೆ ಬೀಳದಂತೆ ಸುತ್ತ ಇಟ್ಟಿಗೆ ಜೋಡಿಸಿದರು. ಹುಡುಗಿ ನೋಟುಪುಸ್ತಕದಲ್ಲಿ ತಾರೀಖು ಹಾಕಿದಳೇ ಹೊರತು ಮುಂದೆ ಏನನ್ನೂ ಬರೆಯಲಿಲ್ಲ. ಹನ್ನೆರಡು ದಿನ ಕಳೆದ ಮೇಲೆ ತಂದೆ ಪುಸ್ತಕ ತೆರೆದು ನೋಡಿದರೆ ಹನ್ನೆರಡು ತಾರೀಖು, ಹನ್ನೆರಡು ಖಾಲಿ ಜಾಗ.

"ಎಂತಕ್ಕೆ ಬರೀಲಿಲ್ಲ?"

"ಮಳೆಯೇ ಬರಲಿಲ್ಲವಲ್ಲ."

"ಹಾಗಾದರೆ ಸೊನ್ನೆ ಬರಿ. ನಮ್ಮ ಆಸ್ಪತ್ರೆಯ ಪುಸ್ತಕದಲ್ಲಿ ಒಂದೂ ದನ ಬರದ ದಿನ ಸೊನ್ನೆ ಬರೀತೇವೆ. ಖಾಲಿ ಬಿಟ್ಟರೆ ದನ ಬರಲಿಲ್ಲ ಅಂತಲ್ಲ ಅರ್ಥ, ನಾವು ಬಾಗಿಲು ತೆಗೆಯಲಿಲ್ಲ ಅಂತ."

ಹುಡುಗಿ ಉತ್ತರ ಕೊಡಲಿಲ್ಲ. ಅಂದು ಸೊನ್ನೆಯನ್ನೂ ಬರೆಯಲಿಲ್ಲ.

ಆ ವಾರವೇ ಇನ್ನೊಂದು ಪ್ರಸಂಗ ನಡೆಯಿತು. ಆ ಊರಿಗೆ ನಲ್ಲಿ ನೀರು ನಾಲ್ಕು ದಿನಕ್ಕೊಮ್ಮೆ. ಅದೂ ಬಳಕೆಯ ನೀರು. ಕುಡಿಯುವ ನೀರನ್ನು ಶುದ್ಧ ನೀರಿನ ಘಟಕದಿಂದ ಕ್ಯಾನಿನಲ್ಲಿ ತರಬೇಕು. ಆ ಭಾಗದ ಎಷ್ಟೋ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಅಂಶ ಹೆಚ್ಚು. ತಾಯಿ ಇದನ್ನು ಎರಡೇ ದಿನದಲ್ಲಿ ಕಲಿತು ಡ್ರಮ್ಮು, ಕೊಡ, ಪಾತ್ರೆಗಳನ್ನೆಲ್ಲ ತುಂಬಿಸಿಡುತ್ತಿದ್ದರು. ಒಂದು ಸಂಜೆ ಅವರು ಸಂತೆಗೆ ಹೋದಾಗ ಶಾಲೆಯಿಂದ ಬಂದ ಹುಡುಗಿ ಧೂಳಾದ ಕಾಲು ತೊಳೆದಳು, ತಲೆಗೆ ಸ್ನಾನ ಮಾಡಿದಳು, ಗಾಳಿ ತಂದು ಸುರಿದ ಕೆಂಪು ಮಣ್ಣು ಹೋಗಲೆಂದು ಜಗುಲಿಗೆ ಬಕೆಟ್ ಬಕೆಟ್ ನೀರು ಹೊಯ್ದು ಗುಡಿಸಿದಳು. ಊರಿನಲ್ಲಿ ಅವಳು ದಿನಾ ಮಾಡುತ್ತಿದ್ದ ಕೆಲಸವೇ. ಅಲ್ಲಿ ನೀರನ್ನು ಮನೆಯಿಂದ ಆಚೆ ಕಳಿಸುವುದು ಹೇಗೆಂಬುದೇ ಚಿಂತೆ. ತಾಯಿ ಬಂದು ನೋಡಿದರೆ ಡ್ರಮ್ಮಿನ ತಳದಲ್ಲಿ ಒಂದು ಚೊಂಬು ನೀರಿತ್ತು. ನಲ್ಲಿ ಬರುವುದು ಮಾರನೆಯ ದಿನ ಮಧ್ಯಾಹ್ನ.

ಪಕ್ಕದ ಮನೆಯ ಅಜ್ಜಿ ಕೇಳದೆಯೇ ಎರಡು ಕೊಡ ನೀರು ತಂದಿಟ್ಟರು. "ಹೊಸಬರು ಕಣಮ್ಮ, ಗೊತ್ತಾಗಕಿಲ್ಲ. ಮಗೀನ ಬಯ್ಯಬ್ಯಾಡ" ಎಂದಷ್ಟೇ ಹೇಳಿ ಹೋದರು. ರಾತ್ರಿ ಬಚ್ಚಲಿಗೆ ಹೋದ ಹುಡುಗಿ ಗೋಡೆಯಾಚೆ ನೋಡಿದಳು. ಎಪ್ಪತ್ತು ದಾಟಿದ ಅಜ್ಜಿ ಒಂದು ಫರ್ಲಾಂಗ್ ದೂರದ ಕೈಪಂಪಿನಿಂದ ಒಂದು ಕೊಡ ಹೊತ್ತು, ದಾರಿಯಲ್ಲಿ ಎರಡು ಕಡೆ ಇಳಿಸಿ ಸುಧಾರಿಸಿಕೊಂಡು ಮನೆಗೆ ಬರುತ್ತಿದ್ದರು. ಕೊಟ್ಟದ್ದು ಹೆಚ್ಚಿಗೆ ಇದ್ದ ನೀರಲ್ಲ, ನಾಳೆ ಬೆಳಗಿನ ನೀರು. ಹುಡುಗಿಯನ್ನು ಯಾರೂ ಬಯ್ಯಲಿಲ್ಲ. ಬಯ್ದಿದ್ದರೆ ಒಳ್ಳೆಯದಿತ್ತು ಎಂದು ಅವಳಿಗೆ ಅನ್ನಿಸಿತು. ಆ ರಾತ್ರಿ ದೀಪ ಹಚ್ಚಿ, ಹಿಂದಿನ ಖಾಲಿ ಜಾಗಗಳನ್ನು ಹಾಗೆಯೇ ಬಿಟ್ಟು, ಆ ದಿನದ ತಾರೀಖಿನ ಮುಂದೆ ಮೊದಲ ಸೊನ್ನೆ ಬರೆದಳು.

ನೋಡಲು ಶುರು ಮಾಡಿದ ಮೇಲೆ ಕಾಣತೊಡಗುತ್ತದೆ. ಒಂದು ಬೆಳಿಗ್ಗೆ ಆಲಿಕೆಯಲ್ಲಿ ಕೂತ ಮಣ್ಣು ತೊಳೆಯಲೆಂದು ತೆಗೆದವಳು ಅದನ್ನು ಮತ್ತೆ ಇಡಲು ಮರೆತಳು. ಮರುದಿನ ನೋಡಿದರೆ ಬಾಟಲಿಯ ನೀರು ಸೊನ್ನೆ ಗೆರೆಗಿಂತ ಕೆಳಗಿತ್ತು. ಸೋರಿದೆಯೇ ಎಂದು ಒರೆಸಿ ನೋಡಿದಳು, ಸೋರಿರಲಿಲ್ಲ. ಮತ್ತೆ ಗೆರೆಯವರೆಗೆ ತುಂಬಿಸಿದಳು, ಮತ್ತೆ ಇಳಿಯಿತು. ಆಗುಂಬೆಯ ಮಳೆಗಾಲದಲ್ಲಿ ಗಾಳಿಯೇ ಹಸಿಯಾಗಿರುವಾಗ ಅವಳು ಇದನ್ನು ಕಂಡೇ ಇರಲಿಲ್ಲ. ಇಲ್ಲಿನ ಬಿಸಿಲು ಮತ್ತು ಒಣಗಾಳಿ ಬಾಯಿ ತೆರೆದ ನೀರನ್ನು ದಿನಾ ಕುಡಿಯುತ್ತವೆ. ವರ್ಷವಿಡೀ ಬೀಳುವ ಮಳೆಯ ಮೂರು ಪಟ್ಟಿಗೂ ಹೆಚ್ಚು ನೀರನ್ನು ಆವಿ ಮಾಡಬಲ್ಲ ಶಕ್ತಿ ಅವಕ್ಕಿದೆ. ಅಜ್ಜಿಯ ಮನೆಯ ಗುಡಾಣದ ಬಾಯಿ ಏಕೆ ಕಿರಿದು, ಪ್ರತಿ ಕೊಡಕ್ಕೂ ಏಕೆ ಮುಚ್ಚಳ, ಜಾಲಿ ಮರದ ಎಲೆ ಏಕೆ ಅಕ್ಕಿಕಾಳಿಗಿಂತ ಸಣ್ಣದು — ಎಲ್ಲಕ್ಕೂ ಉತ್ತರ ಆ ಬಾಟಲಿಯಲ್ಲಿಯೇ ಇತ್ತು.

ಓಡುವ ಮೋಡಗಳ ಪ್ರಶ್ನೆ ಉಳಿದಿತ್ತು. ತಂದೆ ಅದಕ್ಕೆ ತಮ್ಮ ಸೈಕಲ್ಲನ್ನೇ ಪಾಠ ಮಾಡಿದರು. ಪಂಪು ಹೊಡೆಯುವಾಗ ಅದರ ಬುಡ ಬಿಸಿಯಾಗುತ್ತದೆ, ಏಕೆಂದರೆ ಒತ್ತಿದ ಗಾಳಿ ಬಿಸಿಯಾಗುತ್ತದೆ. ವಾಲ್ವ್ ಸಡಿಲಿಸಿದರೆ ಬರುವ ಗಾಳಿ ಬೆರಳಿಗೆ ತಣ್ಣಗೆ, ಏಕೆಂದರೆ ಹಿಗ್ಗಿದ ಗಾಳಿ ತಣ್ಣಗಾಗುತ್ತದೆ. ಅರಬ್ಬೀ ಸಮುದ್ರದಿಂದ ಬರುವ ತೇವದ ಗಾಳಿಗೆ ಪಶ್ಚಿಮಘಟ್ಟ ಅಡ್ಡ ನಿಂತಿದೆ. ಗಾಳಿ ಮೇಲೇರಲೇಬೇಕು. ಮೇಲೆ ಒತ್ತಡ ಕಡಿಮೆ. ಗಾಳಿ ಹಿಗ್ಗಿ ತಣ್ಣಗಾಗಿ ತನ್ನಲ್ಲಿದ್ದ ಆವಿಯನ್ನು ಹನಿ ಮಾಡಿ ಘಟ್ಟದ ಮೇಲೆಯೇ ಸುರಿಯುತ್ತದೆ. ಘಟ್ಟ ದಾಟಿ ಪೂರ್ವಕ್ಕೆ ಇಳಿಯುವಾಗ ಅದೇ ಗಾಳಿ ಕುಗ್ಗಿ ಬಿಸಿಯಾಗುತ್ತದೆ. ಬಿಸಿಯಾದ ಗಾಳಿ ನೀರನ್ನು ಕೊಡುವುದಿಲ್ಲ, ಇನ್ನೂ ಬೇಡುತ್ತದೆ. "ಆಗುಂಬೆಯಲ್ಲಿ ಸುರಿದು ಉಳಿದದ್ದು ಇಲ್ಲಿ ತಲೆ ಮೇಲೆ ಓಡುತ್ತಿದೆ. ಈ ಗಾಳಿಗೆ ನಿನ್ನ ಗುರುತಿದೆ" ಎಂದು ತಂದೆ ನಕ್ಕರು. ಈ ಸೀಮೆ ಮಳೆಯ ನೆರಳಿನಲ್ಲಿದೆ. ಇಲ್ಲಿನವರು ನಂಬಿರುವುದು ಆರಿದ್ರೆಯನ್ನಲ್ಲ. ಸೆಪ್ಟೆಂಬರ್, ಅಕ್ಟೋಬರ್ ತಿಂಗಳಲ್ಲಿ ಗುಡುಗಿನೊಂದಿಗೆ ಬರುವ ಉತ್ತರೆ, ಹಸ್ತ, ಚಿತ್ತೆಯ ಮಳೆಗಳನ್ನು.

ಅಜ್ಜಿಗೂ ಬಾಟಲಿಯ ಮೇಲೆ ಕುತೂಹಲ ಹುಟ್ಟಿತು. ಬೆಳಿಗ್ಗೆ ಮಾಳಿಗೆಯ ಕಡೆ ತಲೆಯೆತ್ತಿ, "ಏನಂತು ತಾಯಿ ನಿನ್ ಬಾಟ್ಲಿ?" ಎಂದು ಕೇಳುವುದು ರೂಢಿಯಾಯಿತು. ಅಜ್ಜಿಯ ಅಳತೆಯೇ ಬೇರೆ. ಮಳೆ ಬಂದ ಮರುದಿನ ಹೊಲದಲ್ಲಿ ಕೂತು ಮಣ್ಣನ್ನು ಕೆದಕಿ, ಹಸಿ ಎಷ್ಟು ಆಳಕ್ಕೆ ಇಳಿದಿದೆ ಎಂದು ಗೇಣು ಹಾಕಿ ನೋಡುತ್ತಿದ್ದರು. ಬೆರಳು ಮುಳುಗುವಷ್ಟಿದ್ದರೆ ಧೂಳು ಅಡಗುವ ಮಳೆ. ಗೇಣು ಹಸಿಯಾದರೆ ಹದ ಮಳೆ, ಬಿತ್ತಬಹುದು. ಹುಡುಗಿ ಎರಡೂ ಅಳತೆಗಳನ್ನು ಅಕ್ಕಪಕ್ಕ ಬರೆದಿಟ್ಟಳು. ಬಾಟಲಿ ಇಪ್ಪತ್ತೈದು ಮೂವತ್ತು ಮಿಲಿಮೀಟರ್ ತೋರಿಸಿದ ದಿನ ಆ ಕೆಂಪು ಮಣ್ಣಿನಲ್ಲಿ ಹಸಿ ಹೆಚ್ಚುಕಡಿಮೆ ಒಂದು ಗೇಣು ಇಳಿಯುತ್ತಿತ್ತು. ಶಾಲೆಗೆ ಹೋಗದ ಅಜ್ಜಿಯ ಕೈ, ಅಳತೆಪಟ್ಟಿಯ ಗೆರೆ ಎರಡೂ ಒಂದೇ ಮಾತು ಹೇಳಿದವು. ಬಾಟಲಿ ಹೇಳುವುದು ಬಿದ್ದ ನೀರನ್ನು, ಗೇಣು ಹೇಳುವುದು ನೆಲ ಹಿಡಿದಿಟ್ಟ ನೀರನ್ನು ಎಂಬ ವ್ಯತ್ಯಾಸವೂ ಅವಳಿಗೆ ಹೊಳೆಯಿತು.

2023 ಬರಗಾಲದ ವರ್ಷವಾಯಿತು. ಆಗಸ್ಟ್ ತಿಂಗಳು ದೇಶಕ್ಕೆ ದೇಶವೇ ಒಣಗಿತು. 1901ರಿಂದ ಇಟ್ಟ ದಾಖಲೆಯಲ್ಲಿ ಅಷ್ಟು ಒಣ ಆಗಸ್ಟ್ ಇನ್ನೊಂದಿಲ್ಲ. ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಸರ್ಕಾರ ಬರಪೀಡಿತವೆಂದು ಸಾರಿತು. ಹುಡುಗಿಯ ಪುಸ್ತಕದಲ್ಲಿ ಸೊನ್ನೆಗಳ ಸಾಲು. ಅಜ್ಜಿಯ ಹೊಲದಲ್ಲಿ ಶೇಂಗಾ ಹೂ ಬಿಟ್ಟು ಕಾಯಿ ಕಟ್ಟದೆ ನಿಂತಿತು. ಕೊನೆಗೆ ಬಳ್ಳಿಯನ್ನು ಕಿತ್ತು ದನಕ್ಕೆ ಹಾಕಿದರು. ಆ ದಿನ ಅಜ್ಜಿ ಬಾಟಲಿಯ ಸುದ್ದಿ ಕೇಳಲಿಲ್ಲ. ಹುಡುಗಿಯೇ ಗೋಡೆಯ ಬಳಿ ಹೋಗಿ, "ಅಜ್ಜಿ, ಇವತ್ತೂ ಸೊನ್ನೆ" ಎಂದಳು. "ಬರ್ಕೋ ತಾಯಿ. ಬರಗಾಲಕ್ಕೂ ಒಂದು ಲೆಕ್ಕ ಇರ್ಲಿ" ಎಂದರು ಅಜ್ಜಿ. ಬಿತ್ತನೆಗೆ ಮಾಡಿದ ಸಾಲದ ಮಾತನ್ನು ಅವರು ಆಡಲಿಲ್ಲ. ಆದರೆ ಎರಡು ವಾರದ ಮೇಲೆ ಹಟ್ಟಿಯಲ್ಲಿದ್ದ ಹೋರಿ ಕಾಣಲಿಲ್ಲ.

ಅದೇ ತಿಂಗಳ 23ರ ಸಂಜೆ 6 ಗಂಟೆ 4 ನಿಮಿಷಕ್ಕೆ ಚಂದ್ರಯಾನ-3ರ ನೌಕೆ ಚಂದ್ರನ ಮೇಲೆ ಇಳಿಯಿತು. ಬೀದಿಯವರೆಲ್ಲ ಒಂದು ಟಿ.ವಿ.ಯ ಮುಂದೆ ಕೂತು ನೋಡಿದರು. ರಾತ್ರಿ ಮಾಳಿಗೆ ಹತ್ತಿದ ಹುಡುಗಿಗೆ ನೈಋತ್ಯದಲ್ಲಿ ಅರ್ಧಚಂದ್ರ ಕಂಡ. ಅವನ ಎಡಕ್ಕೆ ವೃಶ್ಚಿಕದ ಕೆಂಪು ಜ್ಯೇಷ್ಠಾ ನಕ್ಷತ್ರ. ಆಗುಂಬೆಯಲ್ಲಿ ಆಗಸ್ಟ್ ತಿಂಗಳ ಆಕಾಶವನ್ನು ಅವಳು ಕಂಡದ್ದೇ ಕಡಿಮೆ. ಅಲ್ಲಿ ಆ ತಿಂಗಳು ಆಕಾಶವೆಂದರೆ ಬೂದು ಬಣ್ಣದ ಇನ್ನೊಂದು ಮಾಡು. ಚಂದ್ರನ ಮೇಲೆ ಇಳಿಯುವ ನೌಕೆಯ ಸಂವೇದಕಗಳನ್ನು ಪರೀಕ್ಷಿಸಲು ಇಸ್ರೋದವರು ಚಂದ್ರನ ಮೇಲಿರುವಂಥ ಗುಂಡಿಗಳನ್ನು ತೋಡಿದ್ದು ಇದೇ ಚಳ್ಳಕೆರೆ ತಾಲ್ಲೂಕಿನ ಉಳ್ಳಾರ್ತಿ ಕಾವಲಿನಲ್ಲಿ ಎಂದು ತಂದೆ ಹೇಳಿದಾಗ ಅವಳಿಗೆ ನಗು ಬಂತು. ಬೇಸರದಲ್ಲಿ ತಾನಾಡಿದ ಮಾತನ್ನು ಇಸ್ರೋ ನಿಜ ಮಾಡಿಟ್ಟಿತ್ತು. ಆ ಕಾವಲುಗಳು ಬರಿಯ ಬಯಲಲ್ಲ, ಮೈಸೂರು ಅರಸರು ಅಮೃತಮಹಲ್ ದನಗಳ ಮೇವಿಗೆಂದು ಕಾಯ್ದಿಟ್ಟ ಹುಲ್ಲುಗಾವಲು ಎಂಬುದೂ ಆಗ ತಿಳಿಯಿತು. ಕಾಡೆಂದರೆ ಮರವೇ ಆಗಬೇಕಿಲ್ಲ. ಮಳೆ ಕಡಿಮೆ ಇದ್ದ ಕಡೆ ಹುಲ್ಲೇ ಕಾಡಿನ ಕೆಲಸ ಮಾಡುತ್ತದೆ.

2024ರ ಏಪ್ರಿಲ್ ರಜೆಗೆ ಹುಡುಗಿ ಆಗುಂಬೆಗೆ ಹೋದಳು. ಹತ್ತು ತಿಂಗಳು ಕಾದಿದ್ದ ಪ್ರಯಾಣ. ಹೋಗಿ ನೋಡಿದರೆ ಅಜ್ಜಯ್ಯನ ಮನೆಯ ಬಾವಿ ತಳ ಕಂಡಿತ್ತು. ಹಗ್ಗಕ್ಕೆ ಇನ್ನೊಂದು ತುಂಡು ಹಗ್ಗ ಕಟ್ಟಿ ಕೊಡ ಇಳಿಸುತ್ತಿದ್ದರು. ಅರ್ಧ ಕೊಡ ಬರುತ್ತಿತ್ತು, ಅದೂ ಕೆಸರು. ಇದು ಹೊಸದಲ್ಲ, ಬೇಸಿಗೆಯ ಕೊನೆಯಲ್ಲಿ ಮಲೆನಾಡಿನ ಎಷ್ಟೋ ಮನೆಗಳ ಪಾಡು ಇದೇ. ಮುಂಚೆಯೂ ಅವಳು ಇದನ್ನು ನೋಡಿದ್ದಳು, ಆದರೆ ಕಂಡಿರಲಿಲ್ಲ. ಜುಲೈ ತಿಂಗಳಲ್ಲಿ ಬಾಟಲಿಯನ್ನು ದಿನಕ್ಕೆರಡು ಸಲ ಉಕ್ಕಿಸಿದ ನೀರೆಲ್ಲ ಎಲ್ಲಿ ಹೋಯಿತು? ಕಡಿದಾದ ಮಾಡಿನಿಂದ ಅಂಗಳಕ್ಕೆ, ಅಂಗಳದಿಂದ ಹಳ್ಳಕ್ಕೆ, ಹಳ್ಳದಿಂದ ಹೊಳೆಗೆ ಓಡಿತ್ತು.

ಅಜ್ಜಯ್ಯನ ಜಗುಲಿಯಲ್ಲಿ ಕೂತು ಅವಳು ಒಂದು ಲೆಕ್ಕ ಮಾಡಿದಳು. ವಿದ್ಯಾರ್ಥಿಗಳು ತಮ್ಮ ಮನೆಗೂ ಇದನ್ನು ಮಾಡಿ ನೋಡಬಹುದು. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಸರಿಯಾಗಿ ಒಂದು ಲೀಟರ್. ಹತ್ತು ಮೀಟರ್ ಉದ್ದ, ಹತ್ತು ಮೀಟರ್ ಅಗಲದ ಮಾಳಿಗೆ ನೂರು ಚದರ ಮೀಟರ್. ಚಳ್ಳಕೆರೆಯ 500 ಮಿಲಿಮೀಟರ್ ಅದರ ಮೇಲೆ ಬಿದ್ದರೆ 50,000 ಲೀಟರ್. ಆವಿಯಾಗಿ, ಚೆಲ್ಲಿ ಐದರಲ್ಲಿ ಒಂದು ಪಾಲು ಹೋದರೂ 40,000 ಉಳಿಯುತ್ತದೆ. ಅಡುಗೆಗೆ, ಕುಡಿಯಲು ಮನೆಗೆ ದಿನಕ್ಕೆ ನೂರು ಲೀಟರ್ ಎಂದರೆ ನಾನೂರು ದಿನದ ನೀರು. ವರ್ಷ ಕಳೆದು ಮಿಗುತ್ತದೆ. ಬರದ ವರ್ಷ ಅರ್ಧವೇ ಬಿದ್ದರೂ ಆರು ತಿಂಗಳಿಗೆ ಮೋಸವಿಲ್ಲ. ಅಜ್ಜಯ್ಯನ ಮಾಡಿನ ಮೇಲೆ ಬೀಳುವುದು ಏಳು ಲಕ್ಷ ಲೀಟರ್. ಏಪ್ರಿಲ್ ತಿಂಗಳಲ್ಲಿ ಅದರಲ್ಲಿ ಅರ್ಧ ಕೊಡ! ಎಷ್ಟು ಬೀಳುತ್ತದೆ ಎನ್ನುವುದು ಆಕಾಶದ ಲೆಕ್ಕ. ಎಷ್ಟು ಉಳಿಯುತ್ತದೆ ಎನ್ನುವುದು ಮನುಷ್ಯನ ಲೆಕ್ಕ.

ವಾಪಸು ಬಂದವಳ ಹಟಕ್ಕೆ ತಂದೆ ಮಾಳಿಗೆಯ ದೋಣಿಗೆ ಪೈಪು ಸಿಕ್ಕಿಸಿ, ಜಲ್ಲಿ, ಇದ್ದಿಲು, ಮರಳು ತುಂಬಿದ ಡ್ರಮ್ಮಿನ ಮೂಲಕ ನೀರು ತೊಟ್ಟಿಗೆ ಇಳಿಯುವಂತೆ ಮಾಡಿಸಿದರು. ಮೊದಲ ಮಳೆಯ ಮಣ್ಣುನೀರನ್ನು ಆಚೆ ಬಿಡಬೇಕು, ತೊಟ್ಟಿಗೆ ಬೆಳಕು ಹೋಗದಂತೆ ಮುಚ್ಚಬೇಕು, ಕುಡಿಯುವ ಮುಂಚೆ ಕುದಿಸಬೇಕು, ಇಷ್ಟೇ ನಿಯಮ. ಮಳೆನೀರಿನಲ್ಲಿ ಫ್ಲೋರೈಡಿನ ಭಯವಿಲ್ಲ. ಆ ವರ್ಷ ಮಳೆ ಕೈಕೊಡಲಿಲ್ಲ. ತೊಟ್ಟಿ ಮೊದಲ ಸಲ ತುಂಬಿದ ದಿನ ಹುಡುಗಿ ಎರಡು ಕೊಡ ನೀರನ್ನು ಪಕ್ಕದ ಮನೆಗೆ ಹೊತ್ತುಕೊಂಡು ಹೋಗಿ ಇಟ್ಟಳು. ಯಾವ ನೀರು, ಯಾವ ಲೆಕ್ಕ ಎಂದು ಅಜ್ಜಿಯೂ ಕೇಳಲಿಲ್ಲ, ಅವಳೂ ಹೇಳಲಿಲ್ಲ.

2025ರ ಜನವರಿಯಲ್ಲಿ ಹಿರಿಯೂರು ತಾಲ್ಲೂಕಿನ ವಾಣಿವಿಲಾಸ ಸಾಗರ ಕೋಡಿ ಬಿತ್ತು. ಹಳಬರ ಬಾಯಲ್ಲಿ ಅದು ಮಾರಿಕಣಿವೆ. ಎರಡು ಗುಡ್ಡಗಳ ನಡುವಿನ ಇಕ್ಕಟ್ಟಿನಲ್ಲಿ ವೇದಾವತಿಗೆ ಅಡ್ಡಲಾಗಿ 1898ರಲ್ಲಿ ಶುರುವಾಗಿ 1907ರಲ್ಲಿ ಮುಗಿದ ಕಟ್ಟೆ. ಮೈಸೂರಿನ ರಾಜಪ್ರತಿನಿಧಿಯಾಗಿದ್ದ ಮಹಾರಾಣಿ ಕೆಂಪನಂಜಮ್ಮಣ್ಣಿ ವಾಣಿವಿಲಾಸ ಸನ್ನಿಧಾನ ಅವರ ಹೆಸರು ಅದಕ್ಕೆ. ಮೂವತ್ತು ಟಿ.ಎಂ.ಸಿ. ನೀರು ಹಿಡಿಯುವ ಈ ಜಲಾಶಯ 1933ರಲ್ಲಿ ಒಮ್ಮೆ ಕೋಡಿ ಬಿದ್ದದ್ದು, ಆಮೇಲೆ ಬಿದ್ದದ್ದು 89 ವರ್ಷಗಳ ನಂತರ 2022ರಲ್ಲಿ. ಇದು ಮೂರನೆಯ ಸಲ. ಅಜ್ಜಿ ತಮ್ಮ ಅತ್ತೆಯ ಬಾಯಲ್ಲಿ ಮೊದಲನೆಯದರ ಕಥೆ ಕೇಳಿದ್ದರು. ಎರಡನೆಯದಕ್ಕೆ ಕಾಲುನೋವೆಂದು ಹೋಗಿರಲಿಲ್ಲ. ಈ ಸಲ ಎರಡು ಮನೆಯವರೂ ಸೇರಿ ಅವರನ್ನು ಬಸ್ಸಿನಲ್ಲಿ ಕರೆದೊಯ್ದರು.

ಕೋಡಿಯಲ್ಲಿ ನೀರು ಹಾಲಿನಂತೆ ಇಳಿಯುತ್ತಿತ್ತು. ಜಾತ್ರೆಯಂಥ ಜನ. ಅಜ್ಜಿ ಸೆರಗು ತಲೆಗೆಳೆದುಕೊಂಡು ಕೈಮುಗಿದರು. ಆಮೇಲೆ, "ಇದು ನಿಮ್ ಮಲ್ನಾಡ್ ನೀರೇನು ತಾಯಿ?" ಎಂದರು.

ಪುಸ್ತಕದಲ್ಲಿ ನಕ್ಷೆ ಬರೆದಿಟ್ಟುಕೊಂಡಿದ್ದ ಹುಡುಗಿ ಯೋಚಿಸಿ ಹೇಳಿದಳು. ಚಿಕ್ಕಮಗಳೂರಿನ ಬಾಬಾಬುಡನ್‌ಗಿರಿ ಸಾಲಿನಲ್ಲಿ ಹುಟ್ಟುವ ವೇದಾ ಮತ್ತು ಅವತಿ ಸೇರಿ ಈ ವೇದಾವತಿಯಾಗಿದೆ. ಅದು ಸಾಲದೆಂದು ಈಚಿನ ವರ್ಷಗಳಲ್ಲಿ ಭದ್ರಾ ಮೇಲ್ದಂಡೆ ಯೋಜನೆಯವರು ಭದ್ರಾ ಜಲಾಶಯದ ನೀರನ್ನು ಪಂಪುಗಳಿಂದ ಎತ್ತಿ, ಅಜ್ಜಂಪುರದ ಸುರಂಗದಿಂದ ಹಾಯಿಸಿ ಇಲ್ಲಿಗೆ ತಂದಿದ್ದಾರೆ. ಆ ಭದ್ರೆ ಹುಟ್ಟುವುದು ಗಂಗಾಮೂಲದಲ್ಲಿ, ತುಂಗೆಯ ಜೊತೆಗೆ. "ಆಗುಂಬೆಯ ನೀರು ಮಾಲತಿ ಹೊಳೆಯಿಂದ ತುಂಗೆಗೆ ಹೋಗುತ್ತೆ ಅಜ್ಜಿ. ಇಲ್ಲಿಗೆ ಬರಲ್ಲ. ಆದರೆ ಈ ವೇದಾವತಿ ಮುಂದೆ ಹಗರಿ ಅಂತ ಹೆಸರು ಬದಲಾಯಿಸಿಕೊಂಡು ತುಂಗಭದ್ರೆಗೇ ಸೇರುತ್ತೆ. ಅಲ್ಲಿ ನಮ್ಮೂರಿನ ನೀರೂ ಇರುತ್ತೆ, ನಮ್ಮೂರಿನ ನೀರೂ ಇರುತ್ತೆ."

"ಎರಡು ಸಲ ನಮ್ಮೂರು ಅಂದ್ಯಲ್ಲ ತಾಯಿ" ಎಂದು ಅಜ್ಜಿ ನಕ್ಕರು. ಹುಡುಗಿ ತಿದ್ದಿಕೊಳ್ಳಲಿಲ್ಲ.

ಎಸ್ಸೆಸ್ಸೆಲ್ಸಿ ಮುಗಿಯಿತು. ಪಿ.ಯು.ಸಿ. ವಿಜ್ಞಾನಕ್ಕೆ ತೀರ್ಥಹಳ್ಳಿಯಲ್ಲಿ ಸೇರಿ ಅಜ್ಜಯ್ಯನ ಮನೆಯಿಂದ ಓಡಾಡುವುದೆಂದು ತೀರ್ಮಾನವಾಯಿತು. ತಂದೆತಾಯಿ ಇಲ್ಲಿಯೇ. ಎರಡು ವರ್ಷದ ಹಿಂದೆ ಇದೇ ಮಾತಿಗೆ ಅವಳು ಕುಣಿದಾಡುತ್ತಿದ್ದಳು. ಈಗ ಹೊರಡುವ ದಿನ ಮಾಳಿಗೆ ಹತ್ತಿ ಬಹಳ ಹೊತ್ತು ಕೆಳಗಿಳಿಯಲಿಲ್ಲ. ಬಾಟಲಿಯನ್ನು ಒಯ್ಯಲಿಲ್ಲ. ಅಜ್ಜಿಯ ಮೊಮ್ಮಗನಿಗೆ, ಆರನೇ ತರಗತಿಯ ಹುಡುಗನಿಗೆ, ನೋಡುವ ಕ್ರಮ ಹೇಳಿಕೊಟ್ಟು ಪುಸ್ತಕವನ್ನೂ ಅವನ ಕೈಗೆ ಕೊಟ್ಟಳು. ಆಗುಂಬೆಗೆ ಬಂದು ಹೊಸ ಬಾಟಲಿ ಕತ್ತರಿಸಿದಳು. ಅಜ್ಜಯ್ಯನಿಗೆ ಹೇಳಿ, ಮಾಡಿನ ಒಂದು ಪಕ್ಕದ ನೀರು ಬಾವಿಯ ಮೇಲ್ಭಾಗದ ಇಂಗುಗುಂಡಿಗೆ ಹೋಗುವಂತೆ ಅಗೆಸಿದಳು.

ಜೂನ್ ತಿಂಗಳ ಒಂದು ಭಾನುವಾರ ಹುಡುಗ ಫೋನು ಮಾಡಿದ. ಆಗುಂಬೆಯಲ್ಲಿ ಮಾತು ಕೇಳಿಸದಷ್ಟು ಮಳೆ.

"ಅಕ್ಕ, ಈ ವಾರ ಏನೂ ಬರ್ಲಿಲ್ಲ. ಬರೀ ಗಾಳಿ. ಅದಕ್ಕೆ ಏನೂ ಬರ್ದಿಲ್ಲ."

"ದಿನಾ ಮಾಳಿಗೆ ಹತ್ತಿ ನೋಡಿದೆಯಾ?"

"ನೋಡ್ದೆ ಅಕ್ಕ. ಅಜ್ಜೀನೂ ದಿನಾ ಕೇಳ್ತೈತೆ."

"ಹಾಗಾದರೆ ಖಾಲಿ ಬಿಡಬೇಡ. ಏಳು ದಿನಕ್ಕೂ ಸೊನ್ನೆ ಬರಿ."